ಪ್ಯಾನೆಲ್ ಬೋರ್ಡಿನೊಳಗೆ ಸ್ಪ್ರಿಂಗಿನ ಕಾಲ

ಓಡುತ್ತಿದ್ದ ಯಂತ್ರ ಇದ್ದಕ್ಕಿದ್ದಂತೆ ನಿಂತರೆ ಪಳಗಿದ ಎಲೆಕ್ಟ್ರಿಷಿಯನ್ ಮೊದಲು ಅನುಮಾನ ಪಡುವುದು ಮೋಟಾರಿನ ಮೇಲಲ್ಲ, ಕಂಪ್ಯೂಟರಿನ ಮೇಲೂ ಅಲ್ಲ. ಮೇನ್ ಆಫ್ ಮಾಡಿ, ಪ್ಯಾನೆಲ್ ಬೋರ್ಡಿನ ಬಾಗಿಲು ತೆರೆದು, ಸಾಲಾಗಿ ಕೂತ ಕನೆಕ್ಟರುಗಳಿಂದ ಹೊರಟ ತಂತಿಗಳನ್ನು ಒಂದೊಂದಾಗಿ ಮೆಲ್ಲಗೆ ಎಳೆದು ನೋಡುತ್ತಾನೆ. ಎಷ್ಟೋ ಸಲ ಅವುಗಳಲ್ಲೊಂದು ಕೈಗೇ ಬಂದುಬಿಡುತ್ತದೆ. ‘ಲೂಸ್ ಕನೆಕ್ಷನ್’ ಎಂದು ಗೊಣಗಿ ಸ್ಕ್ರೂ ಬಿಗಿ ಮಾಡಿದರೆ ಯಂತ್ರ ಮತ್ತೆ ಓಡುತ್ತದೆ.

ಯಾಂತ್ರೀಕರಣ ಎಂದೊಡನೆ ನಮಗೆ ನೆನಪಾಗುವುದು ರೋಬಾಟು, ಕೃತಕ ಬುದ್ಧಿಮತ್ತೆ, ದೊಡ್ಡ ಪರದೆಗಳು. ಆದರೆ ರೋಬಾಟಿನ ತೋಳು ಏಳಬೇಕಾದರೂ ನೂರಾರು ಕಡೆ ತಂತಿಯ ತುದಿ ಲೋಹಕ್ಕೆ ಕಚ್ಚಿಕೊಂಡಿರಬೇಕು. ಈ ಕಚ್ಚಿಕೊಳ್ಳುವ ಜಾಗ ಸುಮಾರು ನೂರು ವರ್ಷಗಳಿಂದ ಬದಲಾಗುತ್ತ ಬಂದಿದೆ. ಈಚೆಗಂತೂ ಆ ಬದಲಾವಣೆಗೆ ವೇಗ ಬಂದಿದೆ. ಅದರ ದಿಕ್ಕು ಮಾತ್ರ ಮೊದಲಿನಿಂದಲೂ ಒಂದೇ: ಕೆಲಸಗಾರನ ಕೈಹದವನ್ನು ನಂಬಿಕೊಂಡಿದ್ದ ಕೆಲಸವನ್ನು ಆ ಪುಟ್ಟ ಬಿಡಿಭಾಗವೇ ವಹಿಸಿಕೊಳ್ಳುವಂತೆ ಮಾಡುವುದು.

ಸಡಿಲವಾದರೆ ಆಗುವುದೇನು?

ಎರಡು ಲೋಹಗಳು ತಾಗಿದಾಗ ಬರಿಗಣ್ಣಿಗೆ ಪೂರ್ತಿ ಅಂಟಿಕೊಂಡಂತೆ ಕಂಡರೂ ನಿಜವಾಗಿ ತಾಗುವುದು ಕೆಲವೇ ಸೂಕ್ಷ್ಮ ಉಬ್ಬುಗಳಲ್ಲಿ. ಕರೆಂಟು ಹರಿಯುವುದು ಆ ಬಿಂದುಗಳ ಮೂಲಕ. ಒತ್ತಡ ಹೆಚ್ಚಿದ್ದರೆ ಬಿಂದುಗಳು ಹೆಚ್ಚು; ಒತ್ತಡ ತಗ್ಗಿದರೆ ದಾರಿ ಕಿರಿದಾಗಿ ತಡೆ ಹೆಚ್ಚುತ್ತದೆ. 32 ಆಂಪಿಯರ್ ಹರಿಯುವ ಕೀಲಿನಲ್ಲಿ ತಡೆ 0.1 ಮಿಲಿಓಮ್ ಇದ್ದರೆ ಹುಟ್ಟುವ ಶಾಖ ಸುಮಾರು 0.1 ವಾಟ್, ಅಂದರೆ ಗಮನಕ್ಕೇ ಬಾರದಷ್ಟು. ಅದೇ ತಡೆ 10 ಮಿಲಿಓಮ್‌ಗೆ ಏರಿದರೆ ಶಾಖ 10 ವಾಟ್ ದಾಟುತ್ತದೆ. ಬೆರಳುಗಾತ್ರದ ಪ್ಲಾಸ್ಟಿಕ್ ಕನೆಕ್ಟರಿನೊಳಗೆ 10 ವಾಟ್ ಎಂದರೆ ಮೊದಲು ಬಣ್ಣ ಕಂದುತ್ತದೆ, ಆಮೇಲೆ ಸುಟ್ಟ ವಾಸನೆ ಬರುತ್ತದೆ, ಕೊನೆಗೆ ಬೆಂಕಿಯೂ ಹತ್ತಬಹುದು.

ಸ್ಕ್ರೂ ತನ್ನಷ್ಟಕ್ಕೆ ಸಡಿಲವಾಗಲು ಕಾರಣ ತಾಮ್ರದ ಸ್ವಭಾವ. ಸದಾ ಒತ್ತಡದಲ್ಲಿರುವ ತಾಮ್ರ ನಿಧಾನವಾಗಿ ಚಪ್ಪಟೆಯಾಗುತ್ತದೆ. ಅದರ ಜೊತೆಗೆ ಹಗಲಿಡೀ ಬಿಸಿ, ರಾತ್ರಿ ತಂಪು, ಪಕ್ಕದ ಯಂತ್ರದ ನಡುಕ. 2.5 ಚದರ ಮಿಲಿಮೀಟರ್ ತಂತಿಯ ಕನೆಕ್ಟರಿಗೆ ಸಾಮಾನ್ಯವಾಗಿ ಬೇಕಾದ ಬಿಗಿತ 0.5ರಿಂದ 0.6 ನ್ಯೂಟನ್-ಮೀಟರ್. ಅದನ್ನು ಅಳೆದು ಬಿಗಿಸುವ ಟಾರ್ಕ್ ಸ್ಕ್ರೂಡ್ರೈವರ್ ಇದ್ದೇ ಇದೆ. ಆದರೆ ಬಹಳಷ್ಟು ವರ್ಕ್‌ಶಾಪುಗಳಲ್ಲಿ ಅಳತೆಗೋಲು ಮಣಿಕಟ್ಟೇ. ಬೆಳಿಗ್ಗೆ ಮಾಡಿದ ಕೀಲಿಗೂ ಸಂಜೆ ದಣಿದ ಕೈ ಮಾಡಿದ ಕೀಲಿಗೂ ವ್ಯತ್ಯಾಸ ಇದ್ದೇ ಇರುತ್ತದೆ.

ಒಂದು ಸೀಮೆಯ ಐದು ಊರುಗಳು

ಈ ತೊಂದರೆಗೆ ಉತ್ತರ ಹುಡುಕಿದವರಲ್ಲಿ ಅನೇಕರು ಜರ್ಮನಿಯ ವಾಯವ್ಯ ಭಾಗದ ಒಂದೇ ಸೀಮೆಯವರು. ಓಸ್ಟ್‌ವೆಸ್ಟ್‌ಫಾಲೆನ್-ಲಿಪ್ಪೆ ಎಂಬ ಆ ಪ್ರದೇಶದ ಬ್ಲೊಂಬರ್ಗ್, ಡೆಟ್‌ಮೋಲ್ಡ್, ಮಿಂಡನ್, ಎಸ್ಪೆಲ್‌ಕಾಂಪ್, ವೆರ್ಲ್ ಯಾವುವೂ ಮಹಾನಗರಗಳಲ್ಲ. ಬ್ಲೊಂಬರ್ಗಿನ ಜನಸಂಖ್ಯೆ ಸುಮಾರು 15 ಸಾವಿರ. ಆದರೂ ಪ್ರಪಂಚದ ಪ್ಯಾನೆಲ್ ಬೋರ್ಡುಗಳೊಳಗೆ ಕೂತ ಹಲವು ಹೆಸರುಗಳ ತವರು ಈ ಊರುಗಳು: ಫೀನಿಕ್ಸ್ ಕಾಂಟ್ಯಾಕ್ಟ್, ವೈಡ್‌ಮ್ಯುಲರ್, ವಾಗೋ, ಹಾರ್ಟಿಂಗ್, ಬೆಕ್‌ಹಾಫ್.

ಫೀನಿಕ್ಸ್ ಕಾಂಟ್ಯಾಕ್ಟ್ 1923ರಲ್ಲಿ ಎಸ್ಸೆನ್ ನಗರದಲ್ಲಿ ವಿದ್ಯುತ್ ಸಾಮಾನು ಮಾರುವ ಏಜೆನ್ಸಿಯಾಗಿ ಶುರುವಾಯಿತು. 1928ರಲ್ಲಿ ಅಲ್ಲಿನ ವಿದ್ಯುತ್ ಕಂಪನಿ ಆರ್‌ಡಬ್ಲ್ಯುಇ ಜೊತೆಗೂಡಿ, ಬಿಡಿಬಿಡಿಯಾಗಿ ಮಾಡಿ ಒಂದು ಪಟ್ಟಿಯ ಮೇಲೆ ಸಾಲಾಗಿ ಜೋಡಿಸಬಲ್ಲ ಕನೆಕ್ಟರನ್ನು ರೂಪಿಸಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದು ಬ್ಲೊಂಬರ್ಗಿಗೆ ಬಂತು. ಡೆಟ್‌ಮೋಲ್ಡಿನ ವೈಡ್‌ಮ್ಯುಲರ್ 1948ರಲ್ಲಿ ಪಿಂಗಾಣಿಯ ಬದಲಿಗೆ ಪ್ಲಾಸ್ಟಿಕ್ ಹೊದಿಕೆಯ ಕನೆಕ್ಟರ್ ತಂದಿತು. 1945ರಲ್ಲಿ ವಿಲ್‌ಹೆಲ್ಮ್ ಮತ್ತು ಮರೀ ಹಾರ್ಟಿಂಗ್ ದಂಪತಿ ಆರಂಭಿಸಿದ ಕಂಪನಿ ಯುದ್ಧ ಮುಗಿದ ಹೊಸದರಲ್ಲಿ ವಾಫಲ್ ಕಾವಲಿಯಂಥ ಮನೆಬಳಕೆಯ ವಸ್ತುಗಳನ್ನು ಮಾಡುತ್ತಿತ್ತು. 1956ರ ಹೊತ್ತಿಗೆ ಅದು ‘ಹಾನ್’ ಎಂಬ ಗಟ್ಟಿ ಕೈಗಾರಿಕಾ ಪ್ಲಗ್ಗನ್ನು ಮಾರುಕಟ್ಟೆಗೆ ತಂದಿತು. ಯಂತ್ರದಿಂದ ಪ್ಯಾನೆಲ್‌ಗೆ ಬರುವ ಹತ್ತಾರು ತಂತಿಗಳನ್ನು ಒಂದೇ ಲೋಹದ ಕವಚದೊಳಗೆ ಸೇರಿಸಿ, ಕೊಂಡಿ ಹಾಕಿ ಮುಚ್ಚುವ ಆ ಪ್ಲಗ್ ಇವತ್ತಿಗೂ ಬಳಕೆಯಲ್ಲಿದೆ.

ಈ ಎಲ್ಲ ಕಂಪನಿಗಳ ಭಾಗಗಳೂ ಒಂದೇ ಪ್ಯಾನೆಲಿನಲ್ಲಿ ಕೂಡಿ ಬಾಳುವುದು 35 ಮಿಲಿಮೀಟರ್ ಅಗಲದ, ಅಂಚು ಮಡಚಿದ ಒಂದು ಉಕ್ಕಿನ ಪಟ್ಟಿಯಿಂದ. ನಮ್ಮ ವರ್ಕ್‌ಶಾಪುಗಳಲ್ಲಿ ‘ಡಿನ್ ರೈಲ್’ ಎನ್ನುವುದು ಇದನ್ನೇ. ಎಂಸಿಬಿ, ರಿಲೇ, ಕಾಂಟ್ಯಾಕ್ಟರ್, ಪವರ್ ಸಪ್ಲೈ, ಕನೆಕ್ಟರ್ ಎಲ್ಲಕ್ಕೂ ಇದೇ ಆಸನ.

ಸ್ಕ್ರೂ ಹೋಯಿತು, ಸ್ಪ್ರಿಂಗ್ ಬಂತು

ಮಿಂಡನ್‌ನಲ್ಲಿ 1951ರಲ್ಲಿ ಹುಟ್ಟಿದ ವಾಗೋ ಮೊದಲಿನಿಂದಲೂ ಸ್ಪ್ರಿಂಗನ್ನೇ ನಂಬಿತು. 1977ರಲ್ಲಿ ಅದು ತಂದ ‘ಕೇಜ್ ಕ್ಲ್ಯಾಂಪ್’ ಈ ಕ್ಷೇತ್ರದ ದಾರಿ ತಿರುಗಿಸಿತು. ಸ್ಕ್ರೂಡ್ರೈವರಿನ ತುದಿ ತೂರಿಸಿದರೆ ಸ್ಪ್ರಿಂಗ್ ಬಾಯಿ ತೆರೆಯುತ್ತದೆ. ತಂತಿ ಇಟ್ಟು ಸ್ಕ್ರೂಡ್ರೈವರ್ ತೆಗೆದರೆ ಕಚ್ಚಿಕೊಳ್ಳುತ್ತದೆ. ಇಲ್ಲಿ ಕೆಲಸ ಎರಡಾಗಿ ಹಂಚಿಹೋಗಿದೆ. ಒತ್ತುವುದು ಉಕ್ಕಿನ ಸ್ಪ್ರಿಂಗ್, ಕರೆಂಟು ಒಯ್ಯುವುದು ತವರ ಲೇಪಿಸಿದ ತಾಮ್ರದ ಪಟ್ಟಿ. ತಾಮ್ರದ ತಂತಿ ಚಪ್ಪಟೆಯಾದಷ್ಟೂ ಸ್ಪ್ರಿಂಗ್ ಹಿಂದೆಯೇ ಬಂದು ಒತ್ತುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಶಟ್‌ಡೌನ್ ತೆಗೆದುಕೊಂಡು ಎಲ್ಲ ಸ್ಕ್ರೂಗಳನ್ನೂ ಮತ್ತೆ ಬಿಗಿ ಮಾಡುವ ಕೆಲಸ ಇಂಥ ಕೀಲುಗಳಿಗೆ ಬೇಕಾಗುವುದಿಲ್ಲ.

ಆಮೇಲೆ ಬಂದದ್ದು ‘ಪುಷ್-ಇನ್’. ಒಂಟಿ ಎಳೆಯ ಗಟ್ಟಿ ತಂತಿಯನ್ನಾಗಲಿ, ತುದಿಗೆ ಪಿನ್ ಲಗ್ ಎಂಬ ಸಣ್ಣ ಲೋಹದ ಕೊಳವೆ ಒತ್ತಿ ಕೂರಿಸಿದ ತಂತಿಯನ್ನಾಗಲಿ ನೇರವಾಗಿ ತಳ್ಳಿದರೆ ಸಾಕು. ಆದರೆ ಸಣ್ಣ ಎಳೆಗಳ ಮೆತ್ತಗಿನ ತಂತಿ ಸ್ಪ್ರಿಂಗನ್ನು ತಾನೇ ತಳ್ಳಿಕೊಂಡು ಒಳಹೋಗಲಾರದು, ಬಾಗಿ ಹರಡಿಕೊಳ್ಳುತ್ತದೆ. ಪ್ಯಾನೆಲ್‌ಗಳಲ್ಲಿ ಹೆಚ್ಚಾಗಿ ಬಳಸುವುದೇ ಅಂಥ ತಂತಿ. ಆದ್ದರಿಂದ ಪ್ರತಿ ತುದಿಗೂ ಪಿನ್ ಲಗ್ ಹಾಕುವ ಕೆಲಸ ಉಳಿದೇ ಇತ್ತು.

ಈಚಿನ ಹೊಸತು ಈ ತೊಡಕನ್ನೇ ಬಿಡಿಸಿದೆ. ವೈಡ್‌ಮ್ಯುಲರಿನ ‘ಸ್ನ್ಯಾಪ್ ಇನ್’, ಫೀನಿಕ್ಸಿನ ‘ಪುಷ್-ಎಕ್ಸ್’ ಎಂಬ ಕೀಲುಗಳಲ್ಲಿ ಸ್ಪ್ರಿಂಗನ್ನು ಕಾರ್ಖಾನೆಯಲ್ಲೇ ಎಳೆದು, ಬಾಯಿ ತೆರೆದ ಸ್ಥಿತಿಯಲ್ಲಿ ಕಟ್ಟಿಟ್ಟಿರುತ್ತಾರೆ. ತಂತಿಯ ತುದಿ ಒಳಗಿನ ಒಂದು ಸಣ್ಣ ಚಾಚನ್ನು ಮುಟ್ಟಿದೊಡನೆ ಕಟ್ಟು ಬಿಚ್ಚಿ ಸ್ಪ್ರಿಂಗ್ ‘ಕ್ಲಿಕ್’ ಎಂದು ಕೂರುತ್ತದೆ. ಸಿಪ್ಪೆ ಸುಲಿದ ಮೆತ್ತಗಿನ ತಂತಿಯೂ ಪಿನ್ ಲಗ್ ಇಲ್ಲದೆ, ಉಪಕರಣ ಇಲ್ಲದೆ ಒಳಸೇರುತ್ತದೆ. ತಳ್ಳಲು ಬಲ ಬೇಡವಾದ ಮೇಲೆ ಆ ಕೆಲಸವನ್ನು ರೋಬಾಟೂ ಮಾಡಬಹುದು. ಪ್ಯಾನೆಲ್ ತಯಾರಿಕೆಯಲ್ಲಿ ಹೆಚ್ಚು ಹೊತ್ತು ಹಿಡಿಯುವುದೂ ಯಂತ್ರಕ್ಕೆ ಸುಲಭವಾಗಿ ಬಗ್ಗದೆ ಉಳಿದದ್ದೂ ತಂತಿ ಜೋಡಣೆಯೇ. ಇಡೀ ಕಾರ್ಖಾನೆಯನ್ನು ಯಾಂತ್ರೀಕರಿಸುವ ಪೆಟ್ಟಿಗೆಯನ್ನು ಮಾತ್ರ ಕೈಯಲ್ಲೇ ಕಟ್ಟುತ್ತಿದ್ದ ಕಾಲ ಈಗ ಸರಿಯತೊಡಗಿದೆ.

ಕನೆಕ್ಟರಿಗೆ ಮಾತು ಬಂದದ್ದು

1968ರಲ್ಲಿ ಅಮೆರಿಕದ ಡಿಕ್ ಮಾರ್ಲಿ ಮತ್ತು ಜೊತೆಗಾರರು ರಿಲೇಗಳ ಗೋಡೆಗೆ ಬದಲಾಗಿ ಪ್ರೋಗ್ರಾಮಿನಿಂದ ನಡೆಯುವ ನಿಯಂತ್ರಕವನ್ನು, ಅಂದರೆ ಪಿಎಲ್‌ಸಿಯನ್ನು ಕಲ್ಪಿಸಿದರು. ಅದು ಪ್ಯಾನೆಲಿನ ತರ್ಕವನ್ನು ತಂತಿಯಿಂದ ಪ್ರೋಗ್ರಾಮಿಗೆ ಸಾಗಿಸಿತು. ಆದರೂ ಸೆನ್ಸರಿನಿಂದ ಪ್ಯಾನೆಲ್‌ವರೆಗಿನ ತಂತಿಗಳು ಕಡಿಮೆಯಾಗಲಿಲ್ಲ. ಪ್ರತಿ ಸೆನ್ಸರಿಗೂ ತನ್ನದೇ ಜೋಡಿ, ಅದರಲ್ಲಿ 4ರಿಂದ 20 ಮಿಲಿಆಂಪಿಯರ್ ಕರೆಂಟು. ಸೊನ್ನೆ ಅಳತೆಗೂ 4 ಮಿಲಿಆಂಪಿಯರ್ ಇಟ್ಟದ್ದು ಜಾಣತನ; ಕರೆಂಟೇ ಬರದಿದ್ದರೆ ತಂತಿ ತುಂಡಾಗಿದೆ ಎಂದು ತಿಳಿಯುತ್ತದೆ. ಆದರೆ ಆ ಜೋಡಿ ಸಾಗಿಸುವುದು ಒಂದೇ ಒಂದು ಅಳತೆಯನ್ನು.

1980ರ ದಶಕದಿಂದ ಒಂದೇ ಕೇಬಲಿನಲ್ಲಿ ಅನೇಕ ಸಾಧನಗಳ ಮಾತು ಸಾಗಿಸುವ ‘ಬಸ್’ ವ್ಯವಸ್ಥೆಗಳು ಬಂದವು. ಬ್ಲೊಂಬರ್ಗಿನಿಂದ 1987ರಲ್ಲಿ ಇಂಟರ್‌ಬಸ್ ಬಂತು, ಸಾಲಿಗೆ ಪ್ರೊಫಿಬಸ್ ಸೇರಿತು. 1995ರಲ್ಲಿ ವೆರ್ಲ್‌ನ ಬೆಕ್‌ಹಾಫ್ ಡಿನ್ ರೈಲಿನ ಮೇಲೆ ಕೂರುವ ಕನೆಕ್ಟರಿನೊಳಗೇ ಎಲೆಕ್ಟ್ರಾನಿಕ್ಸ್ ತುಂಬಿತು. ತಂತಿ ಸಿಕ್ಕಿಸುವ ಜಾಗವೂ ಸಂಕೇತವನ್ನು ಅಂಕಿಗೆ ತಿರುಗಿಸುವ ಜಾಗವೂ ಒಂದಾದವು. 2003ರಲ್ಲಿ ಅದೇ ಕಂಪನಿ ಈಥರ್‌ಕ್ಯಾಟ್ ತಂದಿತು. ಅದರ ರೀತಿ ಬೇರೆ. ಹಿಂದಿನ ಕಾಲದ ಮೇಲ್ ರೈಲು ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲದೆ ಓಡುತ್ತಲೇ ಅಂಚೆ ಚೀಲ ಎತ್ತಿಕೊಂಡು ಇನ್ನೊಂದನ್ನು ಎಸೆದು ಹೋಗುತ್ತಿದ್ದಂತೆ, ದತ್ತಾಂಶದ ಪ್ಯಾಕೆಟ್ಟು ಪ್ರತಿ ಸಾಧನವನ್ನೂ ಹಾದುಹೋಗುತ್ತಲೇ ತನಗೆ ಬೇಕಾದ್ದನ್ನು ಪಡೆದು ಕೊಡಬೇಕಾದ್ದನ್ನು ಕೊಟ್ಟುಬಿಡುತ್ತದೆ.

ಸೆನ್ಸರಿನ ಕೊನೆಯ ಕೆಲವು ಮೀಟರುಗಳಿಗೆ ಐಒ-ಲಿಂಕ್ ಬಂದಿದೆ. ಹಳೆಯ ಸಾದಾ ಮೂರು ಎಳೆಯ ಕೇಬಲೇ ಸಾಕು, 20 ಮೀಟರ್‌ವರೆಗೆ. ‘ಇದೆ’, ‘ಇಲ್ಲ’ ಎಂದಷ್ಟೇ ಹೇಳುತ್ತಿದ್ದ ಸೆನ್ಸರು ಈಗ ‘ನನ್ನ ಕಣ್ಣಿಗೆ ಧೂಳು ಕೂತಿದೆ’, ‘ಬಿಸಿ ಹೆಚ್ಚಾಗಿದೆ’ ಎಂದೂ ಹೇಳಬಲ್ಲದು. ಕೆಟ್ಟ ಸೆನ್ಸರ್ ತೆಗೆದು ಅದೇ ಮಾದರಿಯ ಹೊಸದನ್ನು ಸಿಕ್ಕಿಸಿದರೆ ಹಳೆಯದರ ಸೆಟ್ಟಿಂಗು ತಾನಾಗಿ ಅದಕ್ಕೆ ಇಳಿಯುತ್ತದೆ.

ಎರಡು ಎಳೆ, ಒಂದು ಕಿಲೋಮೀಟರ್

ಕಚೇರಿಯ ಈಥರ್‌ನೆಟ್ ಕೇಬಲಿನಲ್ಲಿ ನಾಲ್ಕು ಜೋಡಿ ತಂತಿಗಳಿರುತ್ತವೆ, ಅದರ ಮಿತಿ 100 ಮೀಟರ್. ಸಕ್ಕರೆ ಕಾರ್ಖಾನೆಗೋ ತೈಲ ಸಂಸ್ಕರಣಾಗಾರಕ್ಕೋ 100 ಮೀಟರ್ ಎಲ್ಲಿಗೂ ಸಾಲದು. 2019ರ ಕೊನೆಗೆ ಒಪ್ಪಿಗೆ ಪಡೆದ ಐಇಇಇ 802.3ಸಿಜಿ ಮಾನಕ ಒಂದೇ ಜೋಡಿಯಲ್ಲಿ ಸೆಕೆಂಡಿಗೆ 10 ಮೆಗಾಬಿಟ್ ಮಾಹಿತಿಯನ್ನು ಒಂದು ಕಿಲೋಮೀಟರ್ ದೂರಕ್ಕೆ ಸಾಗಿಸುವ ದಾರಿ ತೋರಿಸಿತು. ಸೆನ್ಸರಿಗೆ ಬೇಕಾದ ವಿದ್ಯುತ್ತನ್ನೂ ಅದೇ ಜೋಡಿಯಲ್ಲಿ ಕಳಿಸಬಹುದು. ಇದನ್ನೇ ಆಧರಿಸಿದ ‘ಈಥರ್‌ನೆಟ್-ಎಪಿಎಲ್’ 2021ರಲ್ಲಿ ಬಂತು. ಕಿಡಿ ಹಾರಿದರೆ ಸ್ಫೋಟವಾಗುವಂಥ ರಾಸಾಯನಿಕ ಘಟಕಗಳಲ್ಲೂ ಬಳಸಲು ಬರುವಂತೆ ತಂತಿಯಲ್ಲಿ ಹರಿಯುವ ಶಕ್ತಿಯನ್ನೇ ಅದರಲ್ಲಿ ಮಿತಿಗೊಳಿಸಲಾಗಿದೆ.

ಆದರೆ ಆ ಎರಡು ಎಳೆಗೆ ಯಾವ ಆಕಾರದ ಪ್ಲಗ್ ಎಂಬ ವಿಷಯದಲ್ಲಿ ನೆರೆಹೊರೆಯವರೇ ಬೇರೆಬೇರೆ ಬಣ ಕಟ್ಟಿಕೊಂಡರು. ಎಸ್ಪೆಲ್‌ಕಾಂಪಿನ ಹಾರ್ಟಿಂಗ್ ಒಂದು ಒಕ್ಕೂಟದಲ್ಲಿ, ಬ್ಲೊಂಬರ್ಗಿನ ಫೀನಿಕ್ಸ್ ಮತ್ತು ಡೆಟ್‌ಮೋಲ್ಡಿನ ವೈಡ್‌ಮ್ಯುಲರ್ ಇನ್ನೊಂದರಲ್ಲಿ. ಎರಡು ಬಣದವರ ಪ್ಲಗ್ಗುಗಳಿಗೂ ಅಂತರರಾಷ್ಟ್ರೀಯ ಮಾನಕದ ಮುದ್ರೆ ಇದೆ. 35 ಮಿಲಿಮೀಟರ್ ಪಟ್ಟಿಯ ವಿಷಯದಲ್ಲಿ ಕಂಡ ಒಮ್ಮತ ಇಲ್ಲಿ ಮೊದಲಿಗೆ ಮೂಡಲಿಲ್ಲ. ಕೊಳ್ಳುವವರು ಕಾದು ನೋಡಿದ್ದಕ್ಕೆ ಇದೂ ಒಂದು ಕಾರಣ.

ಇನ್ನೂ ಮುಂದಿನ ಹೆಜ್ಜೆ ಪೆಟ್ಟಿಗೆಯನ್ನೇ ಬಿಡುವುದು. ಬೆಕ್‌ಹಾಫ್ 2021ರಲ್ಲಿ ತೋರಿಸಿದ ‘ಎಂಎಕ್ಸ್-ಸಿಸ್ಟಮ್’ನಲ್ಲಿ ನೀರು-ಧೂಳು ಹೋಗದ ಮಾಡ್ಯೂಲುಗಳನ್ನು ಒಂದು ತಳಹಲಗೆಗೆ ಸಿಕ್ಕಿಸಿ ಯಂತ್ರದ ಮೈಗೇ ಕೂರಿಸುತ್ತಾರೆ. ಒಳಗಿನ ತಂತಿ ಜೋಡಣೆಯ ಮಾತೇ ಇಲ್ಲ. ಹೊರಗಿನಿಂದ ಪ್ಲಗ್ ಹಾಕಿದರೆ ಮುಗಿಯಿತು.

ಪೀಣ್ಯದ ಲೆಕ್ಕಾಚಾರ

ಜರ್ಮನಿಯಲ್ಲಿ ಕುಶಲ ಎಲೆಕ್ಟ್ರಿಷಿಯನ್ನಿನ ಒಂದು ಗಂಟೆ ದುಬಾರಿ, ಸಿಗುವುದೂ ಕಷ್ಟ. ಸಮಯ ಉಳಿಸುವ ಕನೆಕ್ಟರಿಗೆ ಅಲ್ಲಿ ಹೆಚ್ಚು ಹಣ ಕೊಟ್ಟರೂ ಗಿಟ್ಟುತ್ತದೆ. ಬೆಂಗಳೂರಿನ ಪೀಣ್ಯದ ಸಣ್ಣ ಪ್ಯಾನೆಲ್ ಶಾಪಿನಲ್ಲಿ ಲೆಕ್ಕ ಬೇರೆ. ಕೂಲಿ ಕಡಿಮೆ, ಬಿಡಿಭಾಗದ ಬೆಲೆಯಲ್ಲೇ ಕೊಟೇಶನ್ ಗೆಲ್ಲಬೇಕು. ಹಾಗಾಗಿ ಸ್ಕ್ರೂ ಕನೆಕ್ಟರ್ ಇಲ್ಲಿ ಸುಲಭಕ್ಕೆ ಹೋಗುವಂಥದ್ದಲ್ಲ. ದಪ್ಪ ಪವರ್ ಕೇಬಲುಗಳಿಗಂತೂ ಬೋಲ್ಟು, ಲಗ್, ಟಾರ್ಕ್ ವ್ರೆಂಚ್ ಎಲ್ಲ ಕಡೆಯೂ ಉಳಿದಿವೆ.

ಆದರೆ ಬೆಲೆಯ ಲೆಕ್ಕ ಪ್ಯಾನೆಲ್ ಕಟ್ಟುವಾಗ ಮುಗಿಯುವುದಿಲ್ಲ. ಬೆಳಗಾವಿ, ಬಾಗಲಕೋಟೆ ಸೀಮೆಯ ಸಕ್ಕರೆ ಕಾರ್ಖಾನೆ ಕಬ್ಬು ನುರಿಸುವ ಹಂಗಾಮಿನಲ್ಲಿ ಹಗಲು ರಾತ್ರಿ ನಡುಗುತ್ತ ನಡೆಯುತ್ತದೆ. ಅಲ್ಲಿ ಒಂದು ಸ್ಕ್ರೂ ಸಡಿಲವಾಗಿ ಗಾಣ ನಿಂತರೆ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಬೆಳೆಯುತ್ತದೆ, ಕಡಿದ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ಅಂಥ ಜಾಗದಲ್ಲಿ ಸ್ಪ್ರಿಂಗ್ ಕನೆಕ್ಟರಿನ ಹೆಚ್ಚುವರಿ ಬೆಲೆ ನಿಂತ ಒಂದು ಗಂಟೆಯ ನಷ್ಟದ ಮುಂದೆ ಏನೂ ಅಲ್ಲ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿರುವ, 1962ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಸ್ಮಾರ್ಟ್ ತಯಾರಿಕೆಯ ಪ್ರಾತ್ಯಕ್ಷಿಕೆ ಕೇಂದ್ರವನ್ನೇ ನಡೆಸುತ್ತಿದೆ. ಸಣ್ಣ ಉದ್ಯಮಿಗಳು ಹೊಸ ತಂತ್ರವನ್ನು ಕೊಳ್ಳುವ ಮುನ್ನ ಹತ್ತಿರದಿಂದ ನೋಡಲು ಇಂಥ ಜಾಗಗಳು ಬೇಕು.

ಕೈಹದ ಬೇಡವಾಯಿತು ಎಂದರೆ ಕಸುಬೇ ಬೇಡವಾಯಿತು ಎಂದಲ್ಲ. ಸ್ಪ್ರಿಂಗ್ ಒತ್ತಡವನ್ನು ನೋಡಿಕೊಳ್ಳುತ್ತದೆ, ಅಷ್ಟೆ. ಸಿಪ್ಪೆ ಹೆಚ್ಚು ಸುಲಿದರೆ ಬರಿ ತಾಮ್ರ ಹೊರಗೆ ಉಳಿಯುತ್ತದೆ. ಕಡಿಮೆ ಸುಲಿದರೆ ಸ್ಪ್ರಿಂಗ್ ಪ್ಲಾಸ್ಟಿಕ್ಕನ್ನೇ ಕಚ್ಚುತ್ತದೆ, ‘ಕ್ಲಿಕ್’ ಕೇಳಿದರೂ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಡ್ರಾಯಿಂಗಿನ 17ನೇ ನಂಬರಿನ ತಂತಿ 71ಕ್ಕೆ ಹೋಗಿದ್ದರೆ ಯಾವ ಸ್ಪ್ರಿಂಗೂ ಎಚ್ಚರಿಸದು. ಜೊತೆಗೆ ಹೊಸ ಹೊರೆಯೂ ಬಂದಿದೆ. ಮಾತಾಡುವ ಕನೆಕ್ಟರ್ ನೆಟ್‌ವರ್ಕಿನ ಭಾಗ. ಅದಕ್ಕೆ ವಿಳಾಸ ಬೇಕು, ಪಾಸ್‌ವರ್ಡ್ ಬೇಕು, ಹೊರಗಿನವರು ನುಸುಳದಂತೆ ಕಾವಲು ಬೇಕು. ನಮ್ಮ ಐಟಿಐಗಳ ಎಲೆಕ್ಟ್ರಿಷಿಯನ್ ವಿದ್ಯಾರ್ಥಿಗಳು ಟೆಸ್ಟರಿನ ಜೊತೆಗೆ ಲ್ಯಾಪ್‌ಟಾಪನ್ನೂ ಹಿಡಿದು ಪ್ಯಾನೆಲಿನ ಮುಂದೆ ನಿಲ್ಲುವುದನ್ನು ಕಲಿಯಬೇಕಾದ್ದು ಇದಕ್ಕೇ. ಜೋಡಿಸುವುದು ಸುಲಭವಾದಷ್ಟೂ ದೋಷ ಹುಡುಕುವುದಕ್ಕೆ ಹೆಚ್ಚು ತಿಳಿವಳಿಕೆ ಬೇಕಾಗುತ್ತದೆ. ಕೆಲಸಗಾರರಿಗೆ ಕೊಡುವ ತರಬೇತಿಯೂ ಸಂಬಳವೂ ಅದನ್ನು ಒಪ್ಪಿಕೊಂಡು ಬದಲಾಗಬೇಕು.