ಹಳೆಯ ಸಂಖ್ಯೆ, ಹೊಸ ತಿದ್ದುಪಡಿ

ಹಲವು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿರುವ ಸಣ್ಣದೊಂದು ಸಂಸ್ಥೆಯ ಸರ್ವರನ್ನು ಪರೀಕ್ಷಿಸಲು 2024ರ ಮಳೆಗಾಲದಲ್ಲಿ ಬಂದ ಭದ್ರತಾ ತಪಾಸಕರು ದೀರ್ಘವಾದ ವರದಿಯೊಂದನ್ನು ಕೊಟ್ಟುಹೋದರು. ದೂರದಿಂದ ಲಾಗಿನ್ ಆಗಲು ಈ ಯಂತ್ರದಲ್ಲಿರುವ ಓಪನ್‌ಎಸ್‌ಎಸ್‌ಎಚ್ 9.2ನೆಯ ಆವೃತ್ತಿಯದು, ಅದರಲ್ಲಿ ಘೋರವಾದ ದೋಷವಿದೆ, ಒಡನೆಯೇ 9.8ಕ್ಕೆ ಏರಿಸತಕ್ಕದ್ದು ಎಂದು ಅದರ ಮೊದಲ ಪುಟದಲ್ಲಿಯೇ ಕೆಂಪಕ್ಷರಗಳಲ್ಲಿ ಬರೆದಿತ್ತು. ದೋಷದ ವಿಚಾರದಲ್ಲಿ ಅವರು ಹೇಳಿದುದು ಸುಳ್ಳಲ್ಲ. ಆ ವರ್ಷದ ಜುಲೈ 1ರಂದು ಕ್ವಾಲಿಸ್ ಸಂಸ್ಥೆಯ ಸಂಶೋಧಕರು ಪ್ರಕಟಪಡಿಸಿದ ಆ ದೋಷವು 2006ರಲ್ಲಿಯೇ ಒಮ್ಮೆ ಮುಚ್ಚಲ್ಪಟ್ಟು, 2020ರಲ್ಲಿ ಯಾರ ಅರಿವಿಗೂ ಬಾರದೆ ಮತ್ತೆ ತೆರೆದುಕೊಂಡ ಬಿರುಕು. ಅದರ ಮೂಲಕ ಹೊರಗಿನವನೊಬ್ಬನು ಪಾಸ್‌ವರ್ಡಿನ ಹಂಗೇ ಇಲ್ಲದೆ ಯಂತ್ರದ ಸರ್ವಾಧಿಕಾರವನ್ನು ಪಡೆಯುವ ಸಂಭವವಿತ್ತು. ಆದರೆ ನಮ್ಮ ಯಂತ್ರದಲ್ಲಿ ಆ ಬಿರುಕು ಅಷ್ಟರಲ್ಲಾಗಲೇ ಮುಚ್ಚಿಹೋಗಿತ್ತು. ಆವೃತ್ತಿಯ ಪೂರ್ಣ ನಾಮಧೇಯವನ್ನು ಕಡೆಯವರೆಗೆ ಓದಿದ್ದರೆ ಅದು ತಪಾಸಕರಿಗೂ ತಿಳಿಯುತ್ತಿತ್ತು; 9.2 ಎಂಬ ಸಂಖ್ಯೆಯ ಬಾಲದಲ್ಲಿ 'ಡೆಬ್12ಯು3' ಎಂಬ ಗುರುತೊಂದಿತ್ತು.

'ಡೆಬ್12' ಎಂದರೆ ಡೆಬಿಯನ್ ವ್ಯವಸ್ಥೆಯ 12 ಎಂಬ ಸಂಖ್ಯೆಯ ಬಿಡುಗಡೆ. 'ಯು3' ಎಂದರೆ ಆ ಬಿಡುಗಡೆಯೊಳಗೆ ಈ ಪ್ಯಾಕೇಜಿಗೆ ಸಂದ ಮೂರನೆಯ ತಿದ್ದುಪಡಿ. ಹಿಂದಿನ ಪುಸ್ತಕಗಳಲ್ಲಿ ಒಪ್ಪೋಲೆಯೆಂದು ಒಂದು ಹಾಳೆಯನ್ನು ಸೇರಿಸುತ್ತಿದ್ದರಲ್ಲವೆ? ಗ್ರಂಥವನ್ನು ಮರಳಿ ಅಚ್ಚು ಹಾಕದೆ, ಪುಟ ಪಂಕ್ತಿಗಳನ್ನು ಕದಲಿಸದೆ, ತಪ್ಪಿದ ಅಕ್ಷರವನ್ನಷ್ಟೇ ಸರಿಪಡಿಸುವ ಆ ಕ್ರಮವೇ ಇಲ್ಲಿಯೂ ನಡೆಯುತ್ತದೆ. ಮೂಲಕರ್ತರು ತಮ್ಮ 9.8ರಲ್ಲಿ ಮಾಡಿದ ತಿದ್ದುಪಡಿಯನ್ನು ಮಾತ್ರ ಬಿಡಿಸಿಕೊಂಡು, ಹಳೆಯ 9.2ರ ಮೈಗೆ ಹೊಂದುವಂತೆ ಅದನ್ನು ಕೂಡಿಸಿ, ಉಳಿದ ನೂತನತೆಗಳನ್ನೆಲ್ಲ ಹೊರಗೆಯೇ ನಿಲ್ಲಿಸುವ ಈ ಕೆಲಸಕ್ಕೆ ಬ್ಯಾಕ್‌ಪೋರ್ಟ್ ಎಂದು ಹೆಸರು. ಡೆಬಿಯನ್ನಿನವರು 'ಸ್ಟೇಬಲ್' ಎನ್ನುವ ಮಾತಿಗೆ ಇದರಲ್ಲಿ ದೋಷವೇ ಇಲ್ಲ ಎಂದು ಅರ್ಥವಲ್ಲ, ಇದರ ನಡತೆ ಬದಲಾಗದು ಎಂದು ಅರ್ಥ. ಇಂದು ರಾತ್ರಿ ತಿದ್ದುಪಡಿಯನ್ನು ಸ್ವೀಕರಿಸಿದ ಯಂತ್ರವು ನಾಳೆ ಬೆಳಗ್ಗೆಯೂ ನಿನ್ನೆಯಂತೆಯೇ ಉತ್ತರ ಕೊಡುವುದೆಂಬ ಭರವಸೆಯಿಲ್ಲದಿದ್ದರೆ ತಿದ್ದುಪಡಿಯನ್ನು ಸ್ವೀಕರಿಸುವ ಧೈರ್ಯವೇ ಯಾರಿಗೂ ಬಾರದು.

1993ರ ಆಗಸ್ಟಿನಲ್ಲಿ ಇಯನ್ ಮರ್ಡಾಕ್ ಎಂಬ ವಿದ್ಯಾರ್ಥಿ ತನ್ನ ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರನ್ನು ಜೋಡಿಸಿ ಪ್ರಾರಂಭಿಸಿದ ಈ ಯೋಜನೆಯಲ್ಲಿ, ಇಂಥ ತಿದ್ದುಪಡಿಗಳನ್ನು ಯಂತ್ರಕ್ಕೆ ತರುವ ಆಪ್ಟ್ ಎಂಬ ಸಾಧನವು ಬಿಡುಗಡೆಯ ಭಾಗವಾಗಿ ಬಂದುದು 1999ರಲ್ಲಿ. ಅದರ ಕೆಳಗೆ ನಿಂತು ದುಡಿಯುವ ಡಿಪಿಕೆಜಿಯು ಕೈಗೆ ಕೊಟ್ಟ ಪ್ಯಾಕೇಜನ್ನು ಬಿಚ್ಚಿ ಸ್ಥಾಪಿಸಬಲ್ಲುದೇ ಹೊರತು, ಅದಕ್ಕೆ ಬೇಕಾದ ಇನ್ನೊಂದನ್ನು ತಾನೇ ಹುಡುಕಿ ತರಲಾರದು; ಆ ಹುಡುಕಾಟವೇ ಆಪ್ಟ್‌ನ ಧರ್ಮ. ಕನ್ನಡದ ಪಿಡಿಎಫ್‌ಗಳನ್ನು ತಯಾರಿಸುವ ಸರ್ವರಿನಲ್ಲಿ 'ಫಾಂಟ್ಸ್-ಕೆಎನ್‌ಡಿಎ' ಎಂಬ ಪ್ಯಾಕೇಜನ್ನು ಕೇಳಿದರೆ ಗುಬ್ಬಿ, ನವಿಲು, ಲೋಹಿತ್ ಎಂಬ ಅಕ್ಷರವಿನ್ಯಾಸಗಳು ತಾವಾಗಿಯೇ ಬಂದು ಇಳಿಯುತ್ತವೆ. ಕೇಳಿದ ಪ್ಯಾಕೇಜಿನ ಒಡಲಲ್ಲಾದರೋ ಅಕ್ಷರವಿನ್ಯಾಸವೆಂಬುದು ಒಂದೂ ಇಲ್ಲ, ಇತರರನ್ನು ಕರೆತರುವುದೊಂದೇ ಅದರ ಕಾರ್ಯ. 'ಆಪ್ಟ್ ಅಪ್‌ಡೇಟ್' ಎಂದಾಗ ಭಂಡಾರದ ಪಟ್ಟಿ ಮಾತ್ರ ಬರುತ್ತದೆ, ಸ್ಥಾಪಿತವಾದ ತಂತ್ರಾಂಶದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. 'ಆಪ್ಟ್ ಅಪ್‌ಗ್ರೇಡ್' ಎಂದಾಗಲೇ ಕೆಲಸ ನಡೆಯುವುದು. ಪಟ್ಟಿಗೆ ಭಂಡಾರದ ಗುಪ್ತ ಕೀಲಿಯ ಅಂಕಿತವಿದ್ದು, ಆ ಅಂಕಿತದಿಂದ ಹೊರಟ ಹ್ಯಾಶ್‌ಗಳ ಸರಪಣಿಯು ಪ್ರತಿಯೊಂದು ಪ್ಯಾಕೇಜನ್ನೂ ಮುಟ್ಟುವುದರಿಂದ, ನಡುವಿನ ಕನ್ನಡಿ ಸರ್ವರು ಯಾರದೇ ಆಗಿರಲಿ, ಅಲ್ಲಿ ಒಂದು ಬೈಟು ಬದಲಾದರೂ ಆಪ್ಟ್ ಅದನ್ನು ಒಲ್ಲೆನೆನ್ನುತ್ತದೆ.

ಆದರೆ ಅಂಕಿತವು ಕಳುಹಿಸಿದವರು ಯಾರೆಂಬುದಕ್ಕೆ ಪ್ರಮಾಣವೇ ಹೊರತು, ಕಳುಹಿಸಿದ ವಸ್ತು ಶುದ್ಧವೆಂಬುದಕ್ಕೆ ಪ್ರಮಾಣವಲ್ಲ. ಇದು 2024ರ ಮಾರ್ಚ್ 29ರಂದು ಜಗತ್ತಿಗೆಲ್ಲ ಮನವರಿಕೆಯಾಯಿತು. ಎಕ್ಸ್‌ಜೆಡ್ ಎಂಬ ಪುಟ್ಟ ಸಂಕೋಚನ ತಂತ್ರಾಂಶದ ಬಳಿಗೆ ಸಹಾಯಕನಾಗಿ ಬಂದು, ಎರಡು ವರ್ಷಕ್ಕೂ ಮಿಕ್ಕು ಸೇವೆ ಸಲ್ಲಿಸಿ, ವಿಶ್ವಾಸವನ್ನು ಸಂಪಾದಿಸಿಕೊಂಡ ಅಜ್ಞಾತನೊಬ್ಬನು, ಅದರ 5.6.0 ಮತ್ತು 5.6.1ನೆಯ ಆವೃತ್ತಿಗಳ ಒಳಗೆ ಎಸ್‌ಎಸ್‌ಎಚ್‌ನ ಬಾಗಿಲನ್ನು ತೆರೆಯುವ ಕಳ್ಳಗಿಂಡಿಯನ್ನು ಹುದುಗಿಸಿಟ್ಟಿದ್ದನು. ಡೆಬಿಯನ್ನಿನ 'ಸಿಡ್' ಎಂಬ ಶಾಖೆಯ ಯಂತ್ರದಲ್ಲಿ ವೇಗವನ್ನು ಅಳೆಯುತ್ತಿದ್ದ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು, ಲಾಗಿನ್ನಿಗೆ ಅರ್ಧ ಸೆಕೆಂಡು ಹೆಚ್ಚಾಗಿ ಹಿಡಿಯುತ್ತಿರುವುದನ್ನು ಕಂಡು, ಕಾರಣವನ್ನು ಅರಸುತ್ತ ಹೋಗಿ ಅದನ್ನು ಬಯಲಿಗೆಳೆದರು. ಡೆಬಿಯನ್ನಿನ ಬಿಡುಗಡೆಗಳಿಗೆ 'ಟಾಯ್ ಸ್ಟೋರಿ' ಚಲನಚಿತ್ರದ ಪಾತ್ರಗಳ ಹೆಸರು. ಗೊಂಬೆಗಳನ್ನು ಮುರಿದುಹಾಕುವ ನೆರೆಮನೆಯ ಹುಡುಗನ ಹೆಸರಾದ ಸಿಡ್ ಎಂಬುದು ಎಂದಿಗೂ ಬಿಡುಗಡೆಯಾಗದ ಶಾಖೆಯದು. ಹೊಸದೆಲ್ಲವೂ ಮೊದಲು ಅಲ್ಲಿಗೆ ಬಂದು, ಅಲ್ಲಿಂದ 'ಟೆಸ್ಟಿಂಗ್' ಎಂಬ ಎರಡನೆಯ ಅಂಗಳಕ್ಕೆ ದಾಟಿ, ಸುಮಾರು ಎರಡು ವರ್ಷಕ್ಕೊಮ್ಮೆ ಸ್ಟೇಬಲ್ ಎನಿಸುತ್ತದೆ. ಆ ವಿಷವು ಮೊದಲಿನ ಎರಡು ಅಂಗಳಗಳನ್ನು ಪ್ರವೇಶಿಸಿತ್ತು. ನಮ್ಮ ಸರ್ವರಿನಲ್ಲಿದ್ದುದು ಹಳೆಯ 5.4.1. ಆ ವಾರ ನಾನು ಅದೊಂದು ಸಂಖ್ಯೆಯನ್ನು ಎಷ್ಟು ಸಲ ಪರದೆಯ ಮೇಲೆ ಬರಿಸಿ ನೋಡಿದೆನೋ ಲೆಕ್ಕವಿಲ್ಲ.

ನಿಧಾನವೊಂದೇ ರಕ್ಷೆಯೆಂದು ಸಾಧಿಸುವುದು ನನ್ನ ಉದ್ದೇಶವಲ್ಲ, ಅದಕ್ಕೆ ವಿರುದ್ಧವಾದ ಸಾಕ್ಷ್ಯವೂ ಡೆಬಿಯನ್ನಿನ ಚರಿತ್ರೆಯಲ್ಲಿಯೇ ಇದೆ. 2006ರಲ್ಲಿ ಪರೀಕ್ಷಾಸಾಧನವೊಂದರ ಎಚ್ಚರಿಕೆಗಳನ್ನು ನಿವಾರಿಸಲೆಂದು, ಸದುದ್ದೇಶದಿಂದಲೇ, ಗೂಢಲಿಪೀಕರಣದ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಮಾಡಿದ ಸ್ವಂತ ತಿದ್ದುಪಡಿಯೊಂದು ಯಾದೃಚ್ಛಿಕತೆಯ ಮೂಲವನ್ನೇ ಬತ್ತಿಸಿಬಿಟ್ಟಿತು. ಅಸಂಖ್ಯವಾಗಿರಬೇಕಾಗಿದ್ದ ಗುಪ್ತ ಕೀಲಿಗಳು ಒಂದೊಂದು ಬಗೆಯಲ್ಲಿ 32,768ರಷ್ಟಕ್ಕೆ ಇಳಿದವು. ಅಷ್ಟನ್ನು ಎಣಿಸಿ ನೋಡುವುದು ಕಂಪ್ಯೂಟರಿಗೆ ಒಂದು ಕೆಲಸವೇ ಅಲ್ಲ. ಆ ತಪ್ಪು ಅಂಗಳಗಳನ್ನೆಲ್ಲ ದಾಟಿ ಸ್ಟೇಬಲ್‌ನೊಳಕ್ಕೂ ಬಂದು, 2008ರ ಮೇ 13ರವರೆಗೆ, ಸುಮಾರು ಇಪ್ಪತ್ತು ತಿಂಗಳು, ಯಾರ ಕಣ್ಣಿಗೂ ಬೀಳದೆ ಉಳಿಯಿತು. ಪ್ಯಾಕೇಜನ್ನು ಏರಿಸಿದ ಮಾತ್ರಕ್ಕೆ ಅದು ಪರಿಹಾರವಾಗುವಂತೆಯೂ ಇರಲಿಲ್ಲ. ಆ ಅವಧಿಯಲ್ಲಿ ಅಲ್ಲಿ ಹುಟ್ಟಿದ ಕೀಲಿಗಳನ್ನೆಲ್ಲ ಎಸೆದು ಹೊಸದಾಗಿ ಮಾಡಿಕೊಳ್ಳಬೇಕಾಯಿತು. ಕಾಯುವ ಕಾಲದಲ್ಲಿ ಯಾರೋ ಒಬ್ಬರು ಕಣ್ಣಿಟ್ಟು ಓದಿದರೆ ಮಾತ್ರ ಆ ನಿಧಾನಕ್ಕೆ ಫಲವುಂಟು.

ಓದುವ ಆ ಭಾರ ಕೊನೆಗೆ ನಮ್ಮ ಕೈಗೂ ಬರುತ್ತದೆ. ನಾವು ಕೈಯಾರೆ ತಿದ್ದಿಕೊಂಡಿರುವ ಸಂರಚನಾ ಕಡತವನ್ನು ಹೊಸ ಪ್ಯಾಕೇಜೂ ಬದಲಿಸಬಯಸಿದಾಗ, ಡಿಪಿಕೆಜಿಯು ಅರ್ಧದಲ್ಲಿ ನಿಂತು ಪ್ರಶ್ನೆ ಕೇಳುತ್ತದೆ: ವೈ ಒತ್ತಿದರೆ ಪ್ಯಾಕೇಜಿನದು, ಎನ್ ಒತ್ತಿದರೆ ನಿಮ್ಮದು, ಡಿ ಒತ್ತಿದರೆ ಎರಡಕ್ಕೂ ಇರುವ ವ್ಯತ್ಯಾಸ. ಹಿಂದೊಮ್ಮೆ ಭಾನುವಾರ ರಾತ್ರಿ, ಒಂದು ಬಿಡುಗಡೆಯಿಂದ ಮುಂದಿನದಕ್ಕೆ ಏರಿಸುತ್ತಿದ್ದಾಗ, ಜಾಲತಾಣವನ್ನು ನಡೆಸುವ ಎನ್‌ಜಿನ್‌ಎಕ್ಸ್‌ನ ಕಡತದ ವಿಚಾರವಾಗಿ ಈ ಪ್ರಶ್ನೆ ಬಂದಿತು. ಮುಂಚಿನ ಪ್ರಶ್ನೆಗಳಿಗೆಲ್ಲ ಡಿ ಒತ್ತಿ ಓದಿದ ನಾನು ಅದಕ್ಕೆ ವೈ ಒತ್ತಿದೆನು. ಎಲ್ಲವೂ ಸುಗಮವಾಗಿ ಮುಗಿಯಿತು, ಜಾಲತಾಣವೂ ತೆರೆಯಿತು. ಸೋಮವಾರ ಬೆಳಗ್ಗೆ, ಹಳೆಯ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಏರಿಸುವ ಇಬ್ಬರು ಕೆಲಸಗಾರರ ಚಿತ್ರಗಳನ್ನು ಸರ್ವರು ಒಂದೊಂದಾಗಿ ತಿರಸ್ಕರಿಸತೊಡಗಿತು. ಒಂದು ಮೆಗಾಬೈಟಿಗೆ ಮೀರಿದುದನ್ನು ಒಪ್ಪದಿರುವುದು ಎನ್‌ಜಿನ್‌ಎಕ್ಸ್‌ನ ಸಹಜ ನಿಯಮ. ಅದನ್ನು ಸಡಿಲಿಸಿ ನಾನು ಎಂದೋ ಬರೆದಿದ್ದ ಒಂದೇ ಒಂದು ಸಾಲು ಆ ಕಡತದೊಂದಿಗೆ ಹೋಗಿತ್ತು. ತಪ್ಪು ತಮ್ಮದೇ ಇರಬೇಕೆಂದು ಅವರು ಮಧ್ಯಾಹ್ನದವರೆಗೆ ಅವೇ ಪುಟಗಳನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತಿದ್ದರೆಂದು ಆಮೇಲೆ ಕೇಳಿ ನನಗೆ ಬಹಳ ಸಂಕಟವಾಯಿತು. ಡಿಪಿಕೆಜಿಯು ನನ್ನ ಹಳೆಯ ಕಡತವನ್ನು ಅಳಿಸಿರಲಿಲ್ಲ. ಹೆಸರಿನ ಕೊನೆಗೆ 'ಡಿಪಿಕೆಜಿ-ಓಲ್ಡ್' ಎಂದು ಸೇರಿಸಿ, ಹೊಸದರ ಪಕ್ಕದಲ್ಲಿಯೇ ಇಟ್ಟಿತ್ತು. ಎರಡನ್ನೂ ಪರದೆಯ ಎಡಬಲಗಳಲ್ಲಿ ತೆರೆದು, ಆ ಸಾಲನ್ನು ಹುಡುಕಿ, ಅದರ ಸ್ಥಾನದಲ್ಲಿ ಮರಳಿ ಬರೆದೆನು.