ದೆವ್ವದ ಸಿನಿಮಾ, ಗುರುವಿನ ಕಥೆ



ಪಾಸ್ಖ ಜಾಗರಣೆಯ ರಾತ್ರಿ ಉರಿಯುವ ಮೇಣದಬತ್ತಿ ಹಿಡಿದು ನಾವೆಲ್ಲರೂ ದೀಕ್ಷಾಸ್ನಾನದ ಪ್ರತಿಜ್ಞೆಗಳನ್ನು ನವೀಕರಿಸುತ್ತೇವೆ. ಸೈತಾನನನ್ನು ತ್ಯಜಿಸುತ್ತೀರಾ ಎಂದು ಗುರುಗಳು ಕೇಳಿದಾಗ ದೇವಾಲಯದ ತುಂಬ ಒಂದೇ ದನಿಯಲ್ಲಿ ಉತ್ತರ ಬರುತ್ತದೆ. ಆದರೆ ಆ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಯುವಜನರಲ್ಲಿ ಹಲವರ ಕಣ್ಣ ಮುಂದೆ ಬರುವುದು ಒಂದು ಸಿನಿಮಾದ ದೃಶ್ಯ. ಹಾಸಿಗೆಯ ಮೇಲೆ ಕುಳಿತ ಹುಡುಗಿ, ಪೂರ್ತಿ ಹಿಂದಕ್ಕೆ ತಿರುಗಿದ ಅವಳ ತಲೆ. 1973ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ದಿ ಎಕ್ಸಾರ್ಸಿಸ್ಟ್’ ಚಿತ್ರವನ್ನು ಇಂದು ಮೊಬೈಲಿನಲ್ಲೇ ನೋಡಬಹುದು. ನೋಡಿದವರು ಧರ್ಮೋಪದೇಶದ ತರಗತಿಗೆ ಬಂದು, “ಫಾದರ್, ಇದೆಲ್ಲ ನಿಜವಾ?” ಎಂದು ಕೇಳುತ್ತಾರೆ. ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ.

ಕಥೆ ಬರೆದವರು ವಿಲಿಯಂ ಪೀಟರ್ ಬ್ಲಾಟಿ. ಲೆಬನಾನ್‌ನಿಂದ ವಲಸೆ ಬಂದ ಕಥೋಲಿಕ ಕುಟುಂಬದ ಮಗ, ವಾಷಿಂಗ್ಟನ್ನಿನ ಜಾರ್ಜ್‌ಟೌನ್‌ನಲ್ಲಿರುವ ಯೇಸುಸಭೆಯ ವಿಶ್ವವಿದ್ಯಾಲಯದಲ್ಲಿ ಓದಿದವರು. 1949ರಲ್ಲಿ, ಅವರು ಅಲ್ಲಿ ವಿದ್ಯಾರ್ಥಿಯಾಗಿದ್ದಾಗ, ಪತ್ರಿಕೆಯಲ್ಲಿ ಒಂದು ವರದಿ ಬಂತು. ಮೇರಿಲ್ಯಾಂಡಿನ ಒಬ್ಬ ಬಾಲಕನಿಗೆ ದೆವ್ವ ಬಿಡಿಸಿದ ವರದಿ ಅದು. ಸೇಂಟ್ ಲೂಯಿಸ್ ನಗರದಲ್ಲಿ ಮಹಾಧರ್ಮಾಧ್ಯಕ್ಷರ ಅನುಮತಿ ಪಡೆದು ಯೇಸುಸಭೆಯ ಗುರು ವಿಲಿಯಂ ಬೌಡರ್ನ್ ಆ ವಿಧಿಯನ್ನು ನಡೆಸಿದ್ದರು. ಅದು ಮುಗಿದದ್ದು ಆ ವರ್ಷದ ಪುನರುತ್ಥಾನ ಹಬ್ಬದ ಮರುದಿನ, ಏಪ್ರಿಲ್ 18ರಂದು. ಆ ಬಾಲಕನಿಗೆ ಆದದ್ದು ಕಾಯಿಲೆಯೋ ಬೇರೇನೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಬ್ಲಾಟಿ ಆ ಸುದ್ದಿಯನ್ನು ಇಪ್ಪತ್ತು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡು, ಬಾಲಕನನ್ನು ಹನ್ನೆರಡು ವರ್ಷದ ಹುಡುಗಿಯಾಗಿಸಿ, 1971ರಲ್ಲಿ ಕಾದಂಬರಿಯಾಗಿ ಪ್ರಕಟಿಸಿದರು. ವಿಲಿಯಂ ಫ್ರೀಡ್‌ಕಿನ್ ಅದನ್ನು ಚಿತ್ರ ಮಾಡಿದರು. ಹತ್ತು ಆಸ್ಕರ್‌ಗಳಿಗೆ ನಾಮನಿರ್ದೇಶನಗೊಂಡು ಎರಡನ್ನು ಗೆದ್ದಿತು. ಅದರಲ್ಲಿ ಒಂದು ಬ್ಲಾಟಿಯವರ ಚಿತ್ರಕಥೆಗೆ.

ಹೆದರುವ ಮಕ್ಕಳಿಗೆ ನಾನು ಮೊದಲು ಹೇಳುವುದು ಇಷ್ಟು. ಆ ಕೋಣೆಯಲ್ಲಿ ಬಾಯಿಂದ ಹೊರಡುವ ಹಬೆಗೆ ದೆವ್ವ ಕಾರಣವಲ್ಲ. ಸೆಟ್ಟನ್ನೇ ಯಂತ್ರಗಳಿಂದ ಕೊರೆಯುವಂತೆ ತಂಪು ಮಾಡಿದ್ದರು. ದೆವ್ವದ ಗೊಗ್ಗರು ದನಿ ಮರ್ಸಿಡಿಸ್ ಮೆಕೇಂಬ್ರಿಡ್ಜ್ ಎಂಬ ಅನುಭವಿ ನಟಿಯದು. ತಿರುಗಿದ ತಲೆ ಬೊಂಬೆಯದು. ಇಷ್ಟು ತಿಳಿದರೆ ರಾತ್ರಿ ದೀಪ ಆರಿಸಿ ಮಲಗಬಹುದು.

ದೊಡ್ಡವರಿಗೆ ಹೇಳಬೇಕಾದದ್ದು ಬೇರೆ. ಚಿತ್ರದ ಸುಮಾರು ಅರ್ಧ ಭಾಗದಲ್ಲಿ ದೆವ್ವ ಬಿಡಿಸುವ ಮಾತೇ ಇಲ್ಲ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಮಗಳ ವರ್ತನೆ ಬದಲಾದಾಗ ತಾಯಿ ಅವಳನ್ನು ಕರೆದೊಯ್ಯುವುದು ವೈದ್ಯರ ಬಳಿಗೆ. ಮೆದುಳಿನ ಪರೀಕ್ಷೆ, ಎಕ್ಸ್‌-ರೇ, ಮನೋವೈದ್ಯರು, ಎಲ್ಲವೂ ಆಗುತ್ತದೆ. ಕೊನೆಗೆ ಅವಳು ಕಾಣುವ ಗುರು ಡೇಮಿಯನ್ ಕ್ಯಾರಸ್ ಸ್ವತಃ ಮನೋವೈದ್ಯ, ಯೇಸುಸಭೆಯವರು. ಆತನೂ ಒಪ್ಪುವುದಿಲ್ಲ. ನಲ್ಲಿಯ ನೀರನ್ನು ತೀರ್ಥವೆಂದು ಹೇಳಿ ಚಿಮುಕಿಸುತ್ತಾನೆ. ಹುಡುಗಿ ಸುಟ್ಟಂತೆ ಹೊರಳಾಡುತ್ತಾಳೆ. ಅಲ್ಲಿಗೆ ಆತನ ಸಂಶಯ ಇನ್ನೂ ಬಲವಾಗುತ್ತದೆ. ಧರ್ಮಸಭೆಯ ಎಚ್ಚರ ಹೀಗೆಯೇ ಇರುತ್ತದೆ. ಧರ್ಮಸಭೆಯ ಕಾನೂನಿನ 1172ನೇ ವಿಧಿಯಂತೆ ಸ್ಥಳೀಯ ಧರ್ಮಾಧ್ಯಕ್ಷರ ಸ್ಪಷ್ಟವಾದ ವಿಶೇಷ ಅನುಮತಿಯಿಲ್ಲದೆ ಯಾವ ಗುರುವೂ ದೆವ್ವ ಬಿಡಿಸುವ ವಿಧಿಯನ್ನು ನಡೆಸುವಂತಿಲ್ಲ. ಕಾಯಿಲೆ, ಅದರಲ್ಲೂ ಮನಸ್ಸಿನ ಕಾಯಿಲೆ, ವೈದ್ಯರ ಕೆಲಸ ಎಂದು ಕಥೋಲಿಕ ಧರ್ಮೋಪದೇಶ ಗ್ರಂಥ ಹೇಳುತ್ತದೆ. 1614ರ ವಿಧಿಯನ್ನು ಪರಿಷ್ಕರಿಸಿ 1999ರಲ್ಲಿ ಪ್ರಕಟಿಸಿದಾಗಲೂ ಈ ಎಚ್ಚರಕ್ಕೆ ಒತ್ತು ಕೊಡಲಾಯಿತು.

ಆ ನಡುವೆ ನಡೆದ ಒಂದು ದುರಂತವನ್ನು ಇಲ್ಲಿ ಮುಚ್ಚಿಡಬಾರದು. ಜರ್ಮನಿಯಲ್ಲಿ ಮೂರ್ಛೆರೋಗಕ್ಕೆ ಔಷಧಿ ಪಡೆಯುತ್ತಿದ್ದ ಒಬ್ಬ ಕಥೋಲಿಕ ವಿದ್ಯಾರ್ಥಿನಿಗೆ ದೆವ್ವ ಹಿಡಿದಿದೆ ಎಂದು 1975ರಿಂದ 67 ಬಾರಿ ಈ ವಿಧಿಯನ್ನು ನಡೆಸಲಾಯಿತು. ಧರ್ಮಾಧ್ಯಕ್ಷರ ಅನುಮತಿಯೂ ಇತ್ತು. ಅವಳು ಅನ್ನ ನೀರು ಬಿಟ್ಟಳು. 1976ರ ಜುಲೈ 1ರಂದು, 23ನೇ ವಯಸ್ಸಿನಲ್ಲಿ, ಮೂಳೆ ಚಕ್ಕಳವಾಗಿ ಸತ್ತಳು. 1978ರಲ್ಲಿ ನ್ಯಾಯಾಲಯ ಆಕೆಯ ತಂದೆತಾಯಿಯನ್ನೂ ಇಬ್ಬರು ಗುರುಗಳನ್ನೂ ತಪ್ಪಿತಸ್ಥರೆಂದಿತು. ಅವರಲ್ಲಿ ಯಾರಿಗೂ ಆ ಹುಡುಗಿಯ ಮೇಲೆ ದ್ವೇಷವಿರಲಿಲ್ಲ. ಮನೆಯಲ್ಲಿ ಮಗುವಿಗೆ ಫಿಟ್ಸ್ ಬಂದಾಗ, ಮಗಳು ಊಟ ಬಿಟ್ಟು ಗೋಡೆ ನೋಡುತ್ತಾ ಕುಳಿತಾಗ, ಮೊದಲು ಪ್ರಾರ್ಥನಾಕೂಟಕ್ಕೆ ಕರೆದೊಯ್ದು ಮಾತ್ರೆ ನಿಲ್ಲಿಸುವವರು ಈ ಘಟನೆಯನ್ನು ನೆನಪಿಡಲಿ. ಪ್ರಾರ್ಥನೆ ಬೇಕು. ಮಾತ್ರೆ ನಿಲ್ಲಿಸುವುದು ಬೇಡ.

ಸಂತ ಮಾರ್ಕರ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಬಾಯಲ್ಲಿ ನೊರೆ ಬಂದು ಹಲ್ಲು ಕಡಿಯುವ ಹುಡುಗನನ್ನು ತಂದಾಗ ಯೇಸುಸ್ವಾಮಿ ತಂದೆಯನ್ನು ಕೇಳುವ ಪ್ರಶ್ನೆ ಗಮನಿಸಿ. ಇದು ಎಷ್ಟು ಕಾಲದಿಂದ ಇದೆ ಎಂದು ಕೇಳುತ್ತಾರೆ. ವೈದ್ಯರು ಕೇಳುವ ಪ್ರಶ್ನೆ ಅದು. ಬಳಿಕ ಆಜ್ಞಾಪಿಸುತ್ತಾರೆ, ಹುಡುಗನ ಕೈಹಿಡಿದು ಎಬ್ಬಿಸುತ್ತಾರೆ. ಸಿನಿಮಾದಂತೆ ದೆವ್ವದೊಡನೆ ಗಂಟೆಗಟ್ಟಲೆ ವಾದವಿಲ್ಲ.

ಮತ್ತೆ ಚಿತ್ರಕ್ಕೆ ಬರೋಣ. ನನ್ನ ಓದಿನಲ್ಲಿ ಅದು ಹುಡುಗಿಯ ಕಥೆಗಿಂತ ಕ್ಯಾರಸ್ ಅವರ ಕಥೆ. ನ್ಯೂಯಾರ್ಕಿನಲ್ಲಿ ಒಂಟಿಯಾಗಿದ್ದ ಆತನ ಮುದಿ ತಾಯಿ ತೀರಿಕೊಂಡಿದ್ದಾಳೆ. ಕೊನೆಗಾಲದಲ್ಲಿ ಜೊತೆಗಿರಲಿಲ್ಲ ಎಂಬ ಕೊರಗು ಆತನನ್ನು ತಿನ್ನುತ್ತಿದೆ. ಬಲಿಪೂಜೆ ಅರ್ಪಿಸುವ ಕೈಗಳಿಗೇ ವಿಶ್ವಾಸ ಜಾರುತ್ತಿದೆ. ದೆವ್ವ ಹೊಡೆಯುವುದು ಸರಿಯಾಗಿ ಆ ಗಾಯದ ಮೇಲೆ: ತಾಯಿಯ ದನಿಯಲ್ಲಿ ಮಾತನಾಡುತ್ತದೆ. ಮೆಟ್ಟಿಲ ಮೇಲೆ ದಣಿದು ಕುಳಿತಾಗ, ಈ ಹುಡುಗಿಗೇ ಏಕೆ ಹೀಗೆ ಎಂದು ಆತ ಕೇಳುತ್ತಾನೆ. ಹಿರಿಯ ಗುರು ಮೆರಿನ್ ಕೊಡುವ ಉತ್ತರದ ಸಾರ ಹೀಗಿದೆ: ಗುರಿ ಅವಳಲ್ಲ, ನೋಡುತ್ತಿರುವ ನಾವು, ನಾವು ಕೇವಲ ಪ್ರಾಣಿಗಳು, ಹೊಲಸು, ದೇವರು ಪ್ರೀತಿಸಲು ಯೋಗ್ಯರಲ್ಲ ಎಂದು ನಂಬಿಸಿ ನಮ್ಮನ್ನು ಹತಾಶೆಗೆ ತಳ್ಳುವುದೇ ಅದರ ಉದ್ದೇಶ. ಈ ಮಾತು 1973ರ ಚಿತ್ರದಲ್ಲಿ ಇರಲಿಲ್ಲ, ಕತ್ತರಿಗೆ ಸಿಕ್ಕಿತ್ತು. 2000ದಲ್ಲಿ ಮತ್ತೆ ಬಿಡುಗಡೆಯಾದಾಗ ಸೇರಿತು. ನನಗೆ ಕೇಳಿದರೆ ಇಡೀ ಚಿತ್ರದ ಬೀಗದ ಕೈ ಅದು. ಅದನ್ನೇ ಬಿಟ್ಟು ವಾಂತಿಯನ್ನು ಉಳಿಸಿಕೊಂಡಿದ್ದರು!

ಕೊನೆಯ ಘಟ್ಟದಲ್ಲಿ ಮಾತ್ರ ಚಿತ್ರ ಧರ್ಮಸಭೆಯ ದಾರಿ ಬಿಡುತ್ತದೆ. ಹಿರಿಯ ಗುರು ಹೃದಯ ನಿಂತು ಸತ್ತಾಗ, ಕ್ಯಾರಸ್ ದೆವ್ವವನ್ನು ತನ್ನೊಳಗೆ ಕರೆದುಕೊಂಡು ಕಿಟಕಿಯಿಂದ ಹಾರುತ್ತಾನೆ. ಇಂಥ ವಿಧಿ ನಮ್ಮಲ್ಲಿಲ್ಲ. ದೆವ್ವ ಬಿಡುವುದು ಯೇಸುಸ್ವಾಮಿಯ ನಾಮದಿಂದ, ಗುರುವಿನ ಸಾಹಸದಿಂದ ಅಲ್ಲ. ಹಾರಿದ್ದು ಆತನೋ ದೆವ್ವವೋ ಎಂಬುದೂ ತೆರೆಯ ಮೇಲೆ ಸ್ಪಷ್ಟವಾಗುವುದಿಲ್ಲ. ಹಾಗಾಗಿ ಕೆಟ್ಟದ್ದೇ ಗೆದ್ದಿತು ಎಂದುಕೊಂಡು ಎದ್ದುಹೋದವರು ಬಹಳ. ಬ್ಲಾಟಿಯವರಿಗೆ ಇದು ನೋವಿನ ಸಂಗತಿಯಾಗಿತ್ತು.

ಚಿಕ್ಕ ಮಕ್ಕಳಿಗೆ ಈ ಚಿತ್ರ ಬೇಡವೇ ಬೇಡ. ಅದರ ಭಾಷೆ, ಶಿಲುಬೆಗೆ ಆಗುವ ಅಪಚಾರ ದೊಡ್ಡವರಿಗೂ ಸಹಿಸಲು ಕಷ್ಟ. ಕಾಲೇಜು ಮಕ್ಕಳು ಹೇಗೂ ನೋಡುತ್ತಾರೆ. ಸಾಧ್ಯವಾದರೆ ಜೊತೆಗೆ ಕುಳಿತು ನೋಡಿ. ಕಿಟಕಿಯ ಗಾಜು ಒಡೆದ ಕೂಡಲೇ ಟಿ.ವಿ. ಆರಿಸಬೇಡಿ. ಕಡಿದಾದ ಕಲ್ಲುಮೆಟ್ಟಿಲುಗಳ ಕೆಳಗೆ ಕ್ಯಾರಸ್ ರಕ್ತದಲ್ಲಿ ಬಿದ್ದಿರುತ್ತಾನೆ. ಗೆಳೆಯ ಗುರು ಡೈಯರ್ ಜನರನ್ನು ಸರಿಸಿಕೊಂಡು ಬಂದು ಮಂಡಿಯೂರಿ, ಪಾಪನಿವೇದನೆ ಮಾಡುವೆಯಾ ಎಂದು ಅಳುತ್ತಾ ಕೇಳುತ್ತಾನೆ. ಉತ್ತರಿಸಲು ಬಾಯಿಲ್ಲ. ನೆಲದ ಮೇಲಿನ ಬೆರಳುಗಳು ಮೆಲ್ಲನೆ ಮಡಚಿ ಗೆಳೆಯನ ಕೈ ಹಿಡಿಯುತ್ತವೆ. ಡೈಯರ್ ಪಾಪಕ್ಷಮೆಯ ಮಾತುಗಳನ್ನು ಹೇಳತೊಡಗುತ್ತಾನೆ.