ಕುಂಡದೊಳಗಿನ ಮಹಾವೃಕ್ಷ

ಗೇಣುದ್ದದ ಗಿಡವೊಂದನ್ನು ಕುಂಡಸಹಿತವಾಗಿ ಕೊಂಡುತಂದು ಪಡಸಾಲೆಯ ಮೂಲೆಯಲ್ಲಿಟ್ಟು, ನಾಲ್ಕಾರು ವರ್ಷಗಳಲ್ಲಿ ಅದು ಸೂರನ್ನು ಮುಟ್ಟಿತೆಂದು ಬೆರಗಾಗುವ ಗೃಹಸ್ಥರು ಈಗ ಎಲ್ಲ ಊರುಗಳಲ್ಲಿಯೂ ಉಂಟು. ಮಾರಿದವನು ಅದನ್ನು ‘ಶೋ ಗಿಡ’ವೆಂದಷ್ಟೇ ಹೇಳಿರುತ್ತಾನೆ, ಕೊಂಡವರೂ ಹೆಸರನ್ನು ವಿಚಾರಿಸಿರುವುದಿಲ್ಲ. ಕಡೆಗೊಂದು ದಿನ ಕುಂಡವು ಬಿರಿದಾಗ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಯಜಮಾನರು ಕಿತ್ತೆಸೆಯೋಣವೆನ್ನುತ್ತಾರೆ, ನೀರೆರೆದು ಸಾಕಿದ ಗೃಹಿಣಿಯು ಅಂಗಳದಲ್ಲಿ ನೆಡೋಣವೆನ್ನುತ್ತಾಳೆ. ಇವರ ವ್ಯಾಜ್ಯವನ್ನು ತೀರಿಸುವ ಮೊದಲು ಗಿಡದ ಕುಲಗೋತ್ರಗಳನ್ನು ತಿಳಿಯುವುದು ಯುಕ್ತವೆಂದು ನಮ್ಮ ಮತ.

ಎಲೆಯು ಅರ್ಧ ಅಡಿಯಿಂದ ಒಂದಡಿಯವರೆಗೆ ಉದ್ದವಾಗಿ, ತೊಗಲಿನಂತೆ ದಪ್ಪನಾಗಿ, ಎಣ್ಣೆ ಸವರಿದಂತೆ ಹೊಳೆಯುವುದೇ ನೋಡಿರಿ. ನಡುನರದಿಂದ ಇಕ್ಕೆಡೆಗೂ ಎಳೆಗೆರೆಗಳು ಒತ್ತಾಗಿ, ಸಮಾನಾಂತರವಾಗಿ ಹೊರಟಿರಬೇಕು. ತುದಿಯಲ್ಲಿ ಹೊಸ ಎಲೆಯು ಕೆಂಪು ಹೊದಿಕೆಯೊಂದರಲ್ಲಿ ಸುರುಳಿ ಸುತ್ತಿಕೊಂಡು ಭರ್ಜಿಯ ಮೊನೆಯಂತೆ ನಿಂತಿರುತ್ತದೆ. ಎಲೆ ಬಿಚ್ಚಿದೊಡನೆ ಹೊದಿಕೆಯುದುರಿ, ಕಾಂಡದ ಮೇಲೆ ಉಂಗುರದಂಥ ಗುರುತನ್ನುಳಿಸುತ್ತದೆ. ಎಲೆಯ ತೊಟ್ಟನ್ನು ಮುರಿದರೆ ಬಿಳಿಯ ಹಾಲು ಜಿನುಗುತ್ತದೆ. ಈ ಲಕ್ಷಣಗಳೆಲ್ಲವೂ ಕೂಡಿದ್ದರೆ ಅದು ಜನರು ರಬ್ಬರ್ ಗಿಡವೆಂದು ಕರೆಯುವ ‘ಫೈಕಸ್ ಇಲಾಸ್ಟಿಕ’.

ಫೈಕಸ್ ಎಂಬುದು ನಮ್ಮ ಆಲ, ಅರಳಿ, ಅತ್ತಿ, ಬಸರಿಗಳ ಕುಲನಾಮ. ವೈದ್ಯಶಾಸ್ತ್ರದಲ್ಲಿ ನ್ಯಗ್ರೋಧ, ಅಶ್ವತ್ಥ, ಉದುಂಬರ, ಪ್ಲಕ್ಷಗಳೆಂದು ಹೆಸರಿಸಿ, ಹಾಲುಳ್ಳವಾದುದರಿಂದ ಕ್ಷೀರಿವೃಕ್ಷಗಳೆಂದು ಒಟ್ಟುಗೂಡಿಸಿರುವುದು ಇವನ್ನೇ. ಕೆಳಮುಖವಾಗಿಯೂ ಬೆಳೆಯುವುದೆಂಬ ಕಾರಣದಿಂದ ಆಲಕ್ಕೆ ನ್ಯಗ್ರೋಧವೆಂಬ ಹೆಸರು. ನಮ್ಮ ಪಡಸಾಲೆಯ ಗಿಡವು ಅದರ ದಾಯಾದಿ; ಬಿಳಲನ್ನು ಇದೂ ಬಿಡುತ್ತದೆ. ಇದು ಬೆಳೆದದ್ದು ಸ್ವಭಾವಕ್ಕೆ ಅನುಸಾರವಾಗಿಯೇ. ಹೆಚ್ಚು ಬೆಳೆಯಿತೆಂದು ಅದನ್ನು ದೂರುವುದು ಆಲವನ್ನು ತುಳಸಿಕಟ್ಟೆಯಲ್ಲಿ ನೆಟ್ಟು ದೂರಿದಂತೆ.

ಇದರ ಹುಟ್ಟೂರು ಪೂರ್ವಹಿಮಾಲಯದ ತಪ್ಪಲು, ಅಸ್ಸಾಂ ಮತ್ತು ಖಾಸಿ ಬೆಟ್ಟಗಳಿಂದ ಹಿಡಿದು ಮಲಯ ದೇಶದವರೆಗೆ. ಅಲ್ಲಿ ನೂರು ಅಡಿಗೂ ಮಿಕ್ಕಿ ಬೆಳೆಯುತ್ತದೆ. ೧೮೧೦ರ ಕೊನೆಯಲ್ಲಿ ಸಿಲ್ಹೆಟ್ ಊರಿನ ಸ್ಮಿತ್ ಎಂಬವರು ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥರಾಗಿದ್ದ ವಿಲಿಯಂ ರಾಕ್ಸ್‌ಬರ್ಗರಿಗೆ ಬೆತ್ತದ ಬುಟ್ಟಿಯೊಂದರಲ್ಲಿ ಜೇನುತುಪ್ಪವನ್ನು ತುಂಬಿ ಕಳುಹಿಸಿದರು. ಬುಟ್ಟಿಯಿಂದ ಜೇನು ಸೋರದಿದ್ದುದಕ್ಕೆ ಕಾರಣ, ಬೆಟ್ಟದ ಜನರು ಅದರ ಒಳಮೈಗೆ ಬಳಿದಿದ್ದ ಈ ಮರದ ಹಾಲು. ರಾಕ್ಸ್‌ಬರ್ಗರು ಮರವನ್ನು ಅರಸಿ ಹೆಸರಿಟ್ಟುದು ಹೀಗೆ. (ಇಂದು ಗಾಡಿಯ ಚಕ್ರಗಳಿಗೆ ಬಳಸುವ ರಬ್ಬರು ಬೇರೊಂದು ಮರದ್ದು; ಅದರ ಬೀಜಗಳನ್ನು ೧೮೭೬ರಲ್ಲಿ ಬ್ರೆಜಿಲ್ ದೇಶದಿಂದ ಇಂಗ್ಲೆಂಡಿಗೆ ಒಯ್ದರು.) ಮೇಘಾಲಯದ ಖಾಸಿ ಜನರು ಇದೇ ಮರದ ಬಿಳಲುಗಳನ್ನು ಹಳ್ಳದ ಮೇಲೆ ಹಾಯಿಸಿ, ಹತ್ತಾರು ವರ್ಷ ಹೆಣೆದು ಜೀವಂತವಾದ ಸೇತುವೆಗಳನ್ನೇ ಮಾಡಿದ್ದಾರೆ. ಮನುಷ್ಯರ ಭಾರವನ್ನು ಹೊರುವ ಬೇರಿಗೆ ಮಣ್ಣಿನ ಕುಂಡವು ಎಷ್ಟರದು?

ಆದಕಾರಣ ಗೃಹಿಣಿಯರ ಪಕ್ಷಕ್ಕೆ ನಾವು ವಿನಯದಿಂದ ಒಂದು ಮಾತು ಹೇಳಬೇಕಾಗಿದೆ. ಕರುಣೆಯಿಂದ ಈ ಗಿಡವನ್ನು ಅಂಗಳದ ಗೋಡೆಯ ಮಗ್ಗುಲಲ್ಲಿ ನೆಡುವುದು ಕಿತ್ತೆಸೆಯುವುದಕ್ಕಿಂತಲೂ ಹೆಚ್ಚಿನ ಅನರ್ಥ. ನಮ್ಮ ಹಳೆಯ ಶಿಷ್ಯರೊಬ್ಬರ ಮನೆಯಲ್ಲಿ ನೆಲದೊಳಗಿನ ನೀರಿನ ತೊಟ್ಟಿಯ ಸಮೀಪದಲ್ಲಿ ಇದನ್ನು ನೆಟ್ಟಿದ್ದರು. ಮೊದಮೊದಲು ನೆರಳಾಯಿತೆಂಬ ಸಂತೋಷ; ಆಮೇಲೆ ತೊಟ್ಟಿಯ ಸಂದಿಯಲ್ಲಿ ಬೇರು ತಲೆ ತೂರಿಸಿತು. ರಾತ್ರಿ ತುಂಬಿದ ನೀರು ಬೆಳಗಿಗೆ ಅರೆಯಾಗುತ್ತಿದ್ದಿತು. ತೊಟ್ಟಿಯನ್ನು ಒಡೆದು ಕಟ್ಟಿಸಿದ ವೆಚ್ಚವನ್ನು ಅವರು ಇಂದಿಗೂ ನೆನೆಯುತ್ತಾರೆ. ಇಷ್ಟಾದ ಮೇಲೂ ಮರವನ್ನು ಸುಮ್ಮನೆ ಕಡಿಯುವಂತಿಲ್ಲ. ೧೯೭೬ರ ಕರ್ನಾಟಕ ವೃಕ್ಷಸಂರಕ್ಷಣಾ ಕಾಯಿದೆಯ ಮೇರೆಗೆ ಪಟ್ಟಣಗಳಲ್ಲಿ ವೃಕ್ಷಾಧಿಕಾರಿಯ ಅನುಮತಿ ಬೇಕು. ತೋಟದ ಬಯಲಿನಲ್ಲಿ, ಕಟ್ಟಡ ಬಾವಿಗಳಿಂದ ಐವತ್ತು ಅರುವತ್ತು ಅಡಿ ದೂರದಲ್ಲಿ ಸ್ಥಳವಿದ್ದವರು ಧಾರಾಳವಾಗಿ ನೆಡಲಿ. ಉಳಿದವರು ಕುಂಡದಲ್ಲಿಯೇ ಇರಿಸತಕ್ಕದ್ದು.

ಕುಂಡದಲ್ಲಿ ಇರಿಸುವುದೆಂದರೆ ವರ್ಷವರ್ಷವೂ ದೊಡ್ಡ ಕುಂಡಕ್ಕೆ ಬದಲಾಯಿಸುವುದಲ್ಲ. ಬೇರಿಗೆ ಎಡೆ ಹೆಚ್ಚಿದಷ್ಟೂ ತಲೆಯೂ ಮೇಲೇರುವುದು. ಎರಡು ಮೂರು ವರ್ಷಗಳಿಗೊಮ್ಮೆ, ಮುಂಗಾರು ಹಿಡಿದಾಗ, ಗಿಡವನ್ನು ಮಣ್ಣಿನ ಹೆಂಟೆಯೊಡನೆ ಹೊರತೆಗೆಯಿರಿ. ಅಂಚಿನಲ್ಲಿ ಸುತ್ತಿಕೊಂಡಿರುವ ಬೇರುಗಳನ್ನು ಹರಿತವಾದ ಕತ್ತಿಯಿಂದ ಸವರಿರಿ. ಒಟ್ಟಿನ ಮೂರರಲ್ಲೊಂದು ಭಾಗವನ್ನು ಮೀರಕೂಡದು. ಹೊಸ ಮಣ್ಣು ಗೊಬ್ಬರಗಳನ್ನು ತುಂಬಿ ಅದೇ ಕುಂಡದಲ್ಲಿ ಕೂರಿಸಿ, ಎರಡು ಮೂರು ವಾರ ನೆರಳಿನಲ್ಲಿಡಿರಿ. ಬೇರು ಕಡಿಮೆಯಾದ ಪ್ರಮಾಣಕ್ಕೆ ತಲೆಯನ್ನೂ ಗಿಣ್ಣಿನ ತುಸು ಮೇಲೆ ಕತ್ತರಿಸಬೇಕು. ಕೆಳಗಣ ಮೊಗ್ಗುಗಳು ಚಿಗುರಿ ಕವಲೊಡೆಯುವುವು. ಸೋರುವ ಹಾಲಿಗೆ ಒಲೆಯ ಬೂದಿಯನ್ನು ಒತ್ತಿದರೆ ಸಾಕು. ಆ ಹಾಲು ಕೆಲವರ ಚರ್ಮಕ್ಕೆ ತುರಿಯನ್ನು ತರುತ್ತದೆ, ಬಟ್ಟೆಗೆ ಅಂಟಿದರೆ ಕಲೆ ಹೋಗದು, ಕೂಸುಗಳನ್ನು ದೂರವಿಡತಕ್ಕದ್ದು.

ಕತ್ತರಿಸಿದ ತುದಿಯು ವ್ಯರ್ಥವಾಗಬಾರದೆಂದಿದ್ದರೆ ಮೊದಲೇ ಗೂಟಿ ಕಟ್ಟಿರಿ. ಬೇಕಾದ ಎತ್ತರದಲ್ಲಿ ಒಂದಂಗುಲದಗಲ ತೊಗಟೆಯನ್ನು ಬಳೆಯಂತೆ ಸುಲಿದು, ಹಾಲನ್ನು ಒರೆಸಿ, ಒದ್ದೆಯಾದ ತೆಂಗಿನ ನಾರಿನ ಪುಡಿಯನ್ನು ಸುತ್ತಲೂ ಮೆತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಎರಡು ಕಡೆಯೂ ಬಿಗಿಯಾಗಿ ಕಟ್ಟಬೇಕು. ಮಳೆಗಾಲದಲ್ಲಿ ಒಂದೆರಡು ತಿಂಗಳೊಳಗಾಗಿ ಹಾಳೆಯ ಒಳಗೆ ಬಿಳಿಯ ಬೇರುಗಳು ಕಾಣುವುವು. ಅದರ ಕೆಳಗೆ ಕೊಯ್ದು ಬೇರೆ ಕುಂಡದಲ್ಲಿಟ್ಟರೆ ಮಗಳ ಮನೆಗೆ ಕಳುಹಿಸಲು ಒಂದು ಗಿಡವಾಯಿತು. ಕಳುಹಿಸುವಾಗ ಅದರ ಹೆಸರನ್ನೂ ಬರೆದು ಕಟ್ಟಿರಿ.